ಡಾಲ್ಫಿನ್‌ಗೆ ಹೊಸ ಬಣ್ಣ: ಫೈಬರ್‌ಗ್ಲಾಸ್ ಕಾರಿನ ಮನೆಗೆಲಸ

ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ತಯಾರಿಸಿದ ಪುಟ್ಟ ಕಾರು ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ; ಬಾಡಿ ಫೈಬರ್‌ಗ್ಲಾಸ್. ಈ ಬಾಡಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಬಣ್ಣ ಮಾಸುತ್ತದೆ, ಮೇಲ್ಪದರದಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ.

ಇಂಥ ಬಾಡಿಗೆ ಮನೆಯಲ್ಲೇ ಬಣ್ಣ ಹೊಡೆಯಬಹುದು. ಆದರೆ ಮುಕ್ಕಾಲು ಕೆಲಸ ಬಣ್ಣದ ಡಬ್ಬಿ ತೆರೆಯುವ ಮೊದಲೇ ಮುಗಿದಿರಬೇಕು.

ಮೊದಲು ಕಾರು ತೊಳೆದು, ಮೇಣ, ಜಿಡ್ಡು ತೆಗೆಯುವ ದ್ರಾವಕದಿಂದ ಒರೆಸಬೇಕು. ಅದಕ್ಕೂ ಮುಂಚೆ ಉಜ್ಜಿದರೆ ಮೇಣ ಗೀರುಗಳೊಳಗೆ ಇಳಿದು, ಹೊಸ ಬಣ್ಣದಲ್ಲಿ ಸಣ್ಣ ಕುಳಿಗಳು ಬೀಳುತ್ತವೆ.

ಲೋಹಕ್ಕೆ ಬಳಸುವ ಪೇಂಟ್ ರಿಮೂವರ್ ಇಲ್ಲಿ ಬೇಡ. ಅದು ಗಾಜಿನ ಎಳೆಗಳನ್ನು ಹಿಡಿದಿಡುವ ರೆಸಿನ್ನನ್ನೇ ಮೆತ್ತಗಾಗಿಸಬಲ್ಲದು. ಮರದ ಬ್ಲಾಕಿಗೆ 180 ನಂಬರಿನ ಉಪ್ಪುಕಾಗದ ಸುತ್ತಿ ಉಜ್ಜಬೇಕು. ಗಾಜಿನ ಎಳೆ ಕಾಣುವ ಮೊದಲೇ ಕೈ ನಿಲ್ಲಬೇಕು. ಆ ದೂಳಿಗೆ ಮೈ ತುರಿಸುತ್ತದೆ, ಶ್ವಾಸಕ್ಕೂ ತೊಂದರೆ: ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಕಡ್ಡಾಯ.

ಬಿರುಕಿನ ಮೇಲೆ ಬರೀ ಪುಟ್ಟಿ ಬಳಿದರೆ ಅದು ಮತ್ತೆ ಎದ್ದು ಕಾಣುತ್ತದೆ. ಬುಡದವರೆಗೆ ಕೆರೆದು, ರೆಸಿನ್ ಮತ್ತು ಗ್ಲಾಸ್ ಮ್ಯಾಟ್ ಕೂರಿಸಿ, ಗಟ್ಟಿಯಾದ ಮೇಲೆ ಪುಟ್ಟಿ.

ನಂತರ ಎಪಾಕ್ಸಿ ಪ್ರೈಮರ್. 400, 600 ನಂಬರಿನ ವಾಟರ್ ಪೇಪರಿನಲ್ಲಿ ನಯಗೊಳಿಸಿ, ಪೂರ್ತಿ ಒಣಗಲು ಬಿಡಬೇಕು. ಒಳಗೆ ತೇವ ಉಳಿದರೆ ಬಿಸಿಲಿಗೆ ಬಣ್ಣ ಗುಳ್ಳೆ ಏಳುತ್ತದೆ.

ಬಣ್ಣ ತೆಳುವಾಗಿ, ಎರಡು ಮೂರು ಕೋಟ್. ಹಾರ್ಡನರ್ ಬೆರೆಸುವ ಟೂಕೆ ಬಣ್ಣಗಳಲ್ಲಿ ಸಾಮಾನ್ಯವಾಗಿ ಶ್ವಾಸಕ್ಕೆ ಹಾನಿಕರವಾದ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಇಲ್ಲದವರು ತಯಾರಿಯನ್ನು ಮನೆಯಲ್ಲಿ ಮುಗಿಸಿ, ಬಣ್ಣದ ಕೋಟುಗಳನ್ನು ಪೇಂಟ್ ಬೂತ್ ಇರುವ ಗ್ಯಾರೇಜಿಗೆ ಒಪ್ಪಿಸುವುದು ಕ್ಷೇಮ.