ಮೂರನೇ ಉಸಿರಿಗೆ ಕಟ್ ಆಫ್ ನೆನಪು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈಗ ಎಲ್ಲರೂ ಕೊಡುವ ಸಲಹೆ ಒಂದೇ: ‘ದಿನಾ ಹತ್ತು ನಿಮಿಷ ಧ್ಯಾನ ಮಾಡ್ರಿ.’ ಹೇಗೆ ಕೂರಬೇಕು ಅಂತ ಹೇಳುವವರು ಬಹಳ. ಕೂತ ಮೇಲೆ ತಲೆಯೊಳಗೆ ಏನಾಗುತ್ತದೆ ಅಂತ ಹೇಳುವವರು ಕಡಿಮೆ.

ಪದವಿ ಮುಗಿದು ಮೂರು ವರ್ಷ. ಹಾನಗಲ್ಲಿನಲ್ಲಿ ರೂಮು ಮಾಡಿಕೊಂಡು ಪಿಡಿಒ, ಎಫ್‌ಡಿಎ ಹುದ್ದೆಗಳಿಗೆ ಓದುತ್ತಿದ್ದೇನೆ. ಐದು ತಿಂಗಳಿಂದ ಬೆಳಿಗ್ಗೆ ಉಸಿರಿನ ಮೇಲೆ ಗಮನವಿಟ್ಟು ಕೂರುತ್ತೇನೆ. ಮೂರನೇ ಉಸಿರಿಗೆ ಕಟ್ ಆಫ್ ನೆನಪಾಗುತ್ತದೆ. ಹಿಂದೆಯೇ ಗೋವಿನಜೋಳದ ದರ, ಅಪ್ಪನ ಸಾಲ, ಹಿರೇಕೆರೂರಿನ ಅಕ್ಕ ಫೋನಿನಲ್ಲಿ ಕೇಳಿದ ‘ರಿಸಲ್ಟ್ ಯಾವಾಗ ಬರ್ತದೋ ತಮ್ಮಾ?’

ಇದು ನನ್ನೊಬ್ಬನ ಪಾಡಲ್ಲ ಎಂದು ಓದಿ ತಿಳಿದಾಗ ನಿರಾಳವಾಯಿತು. ಬೌದ್ಧ ಗ್ರಂಥಗಳು ಐದು ‘ನೀವರಣ’ಗಳನ್ನು ಹೆಸರಿಸುತ್ತವೆ: ಆಸೆ, ದ್ವೇಷ, ಜಡತೆ–ತೂಕಡಿಕೆ, ಚಡಪಡಿಕೆ–ಕೊರಗು, ಸಂದೇಹ. ಪತಂಜಲಿಯ ಯೋಗಸೂತ್ರದಲ್ಲಿ ಅಡ್ಡಿಗಳು ಒಂಬತ್ತು. ಕಾಯಿಲೆ, ಸಂಶಯ, ಆಲಸ್ಯ ಎಲ್ಲವೂ ಅದರಲ್ಲಿವೆ. ಅಂದರೆ ಆಗಿನ ಸಾಧಕರೂ ತೂಕಡಿಸುತ್ತಿದ್ದರು! 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 2,250 ಜನರನ್ನು ದಿನದ ನಡುವೆ ವಿಚಾರಿಸಿ ನೋಡಿತ್ತು. ಶೇ 46.9ರಷ್ಟು ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲೆ ಇರಲಿಲ್ಲ.

ಸವಣೂರಿನ ಗೆಳೆಯನಿಗೆ ತೂಕಡಿಕೆಯದೇ ಕಾಟ. ರಾತ್ರಿ ಒಂದರವರೆಗೆ ಓದಿ, ಐದಕ್ಕೆ ಕಣ್ಣು ಮುಚ್ಚಿದರೆ ಇನ್ನೇನಾದೀತು? ಈಗ ಅವನು ಕೂರುವುದು ಬಿಟ್ಟು, ಹೆಜ್ಜೆಯ ಮೇಲೆ ಗಮನವಿಟ್ಟು ನಡೆಯುತ್ತಾನೆ. ಶಿಗ್ಗಾವಿಯ ಗೆಳತಿ ಪ್ರತಿದಿನ ತನ್ನ ಧ್ಯಾನಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಿದ್ದಳು. ನಾವು ಅಭ್ಯರ್ಥಿಗಳು, ಎಲ್ಲವೂ ಮಾಕ್ ಟೆಸ್ಟೇ ನಮಗೆ.

ಎಲ್ಲಕ್ಕಿಂತ ಗಟ್ಟಿ ಅಡ್ಡಿ ಸಂದೇಹ. ‘ಈ ಹೊತ್ತಿನಲ್ಲಿ ಇಪ್ಪತ್ತು ಪ್ರಶ್ನೆ ಬಿಡಿಸಬಹುದಿತ್ತಲ್ಲ?’ ಇದು ಬುದ್ಧಿವಂತಿಕೆಯ ವೇಷ ಹಾಕಿಕೊಂಡೇ ಬರುತ್ತದೆ. ಅದಕ್ಕೆ ಉತ್ತರ ಕೊಡಲು ಹೋದರೆ ಹತ್ತು ನಿಮಿಷವೂ ವಾದದಲ್ಲೇ ಮುಗಿಯುತ್ತದೆ. ಹಾಗಾಗಿ ಬಂದದ್ದಕ್ಕೆ ಒಂದು ಹೆಸರಿಡುತ್ತೇನೆ, ‘ಸಂದೇಹ’, ‘ಸಾಲ’, ‘ಅಕ್ಕ’ ಅಂತ. ಮತ್ತೆ ಉಸಿರಿಗೆ ಮರಳುತ್ತೇನೆ. ಸಾಲ ತೀರುವುದಿಲ್ಲ, ನಾಲ್ಕನೇ ಉಸಿರು ಸಿಗುತ್ತದೆ.

ಆದರೆ ಕೂತಾಗೆಲ್ಲ ಎದೆ ಬಿಗಿಯುತ್ತಿದ್ದರೆ, ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ ಅದನ್ನು ಧ್ಯಾನದ ಅಡ್ಡಿ ಅಂತ ಸಹಿಸಬೇಕಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗೆಳತಿ ಕಳೆದ ತಿಂಗಳು ಕರೆ ಮಾಡಿದಳು. ಈಗ ಅಂಕ ಕೊಡುವುದನ್ನು ಬಿಟ್ಟಿದ್ದಾಳೆ.