ತೆರೆದಿಟ್ಟ ವಹಿ: ಜಾರ್ಜ್ ಆರ್ವೆಲ್ ಅವರ ವಿಚಾರ, ಅಭಿರುಚಿ

ರಾಜಕೀಯದ ಬಗ್ಗೆ ಬರೆಯುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಿಲ್ಲ. ಆದರೆ ಬರೆದಾತ ಎಂಥ ಮನುಷ್ಯ, ಅವನ ಒಲವು ಯಾವ ಕಡೆಗೆ ಎಂಬುದು ಓದುವವರಿಗೆ ಗೊತ್ತಾಗುವುದು ಅಪರೂಪ. ಚೀಲಸಮೇತ ತೂಗಿದ ಮಾಲಿನಲ್ಲಿ ಬರಿ ಚೀಲದ ತೂಕವನ್ನು ಕಳೆದೇ ನಾವು ಲೆಕ್ಕ ಬರೆಯುತ್ತೇವೆ. ಬರಹದಲ್ಲಿಯೂ ಹಾಗೆ ಕಳೆಯಬೇಕಾದದ್ದು ಇರುತ್ತದೆ. ಅದೆಷ್ಟು ಎಂಬುದನ್ನು ತಾವಾಗಿಯೇ ಓದುಗರಿಗೆ ತಿಳಿಸಿದ ಲೇಖಕರೊಬ್ಬರ ಪರಿಚಯ ಇಲ್ಲಿದೆ. ಅವರೇ ಇಂಗ್ಲಿಷಿನ ಹೆಸರಾಂತ ಬರಹಗಾರ ಜಾರ್ಜ್ ಆರ್ವೆಲ್.

ಅವರ ನಿಜವಾದ ಹೆಸರು ಎರಿಕ್ ಆರ್ಥರ್ ಬ್ಲೇರ್. ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರ ಜೂನ್ 25ರಂದು. ತಂದೆ ಬ್ರಿಟಿಷ್ ಸರಕಾರದ ಅಫೀಮು ಇಲಾಖೆಯ ನೌಕರರು. ಮಗ 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದರು. ಪರರನ್ನು ಆಳುವ ಆ ಕೆಲಸ ಅವರ ಮನಸ್ಸಿಗೆ ಒಗ್ಗಲಿಲ್ಲ. ನೌಕರಿ ಬಿಟ್ಟು ಲೇಖನಿ ಹಿಡಿದರು.

ಹಳ್ಳಿಯ ಅಂಗಡಿಕಾರ

ಈ ಲೇಖಕರು ಕೆಲವು ಕಾಲ ಅಂಗಡಿಯನ್ನೂ ನಡೆಸಿದ್ದರು ಎಂಬುದು ನಮ್ಮ ಓದುಗರಿಗೆ ವಿಶೇಷವೆನಿಸಬಹುದು. 1936ರಲ್ಲಿ ಅವರು ಇಂಗ್ಲೆಂಡಿನ ವಾಲಿಂಗ್ಟನ್ ಎಂಬ ಚಿಕ್ಕ ಹಳ್ಳಿಯಲ್ಲಿ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಅದು ಮೊದಲು ಕಿರಾಣಿ ಅಂಗಡಿಯಾಗಿತ್ತು. ಅದನ್ನೇ ಮತ್ತೆ ತೆರೆದು ದಿನಸಿ, ಮಕ್ಕಳ ಮಿಠಾಯಿ ಮಾರತೊಡಗಿದರು. ಮನೆ ಬಾಡಿಗೆಯಷ್ಟು ಹುಟ್ಟಿದರೆ ಸಾಕು ಎಂಬುದು ಲೆಕ್ಕಾಚಾರ. ಹಿತ್ತಲಲ್ಲಿ ತರಕಾರಿ, ಕೋಳಿ, ಆಡುಗಳ ಸಾಕಣೆ.

ಅದೇ ವರ್ಷದ ಕೊನೆಗೆ ಅವರು ಸ್ಪೇನ್ ದೇಶದ ಅಂತರ್ಯುದ್ಧಕ್ಕೆ ಹೋದರು. 1937ರ ಮೇ ತಿಂಗಳಲ್ಲಿ ಗುಂಡೊಂದು ಅವರ ಗಂಟಲನ್ನು ತೂರಿ ಹೋಯಿತು. ಜೀವ ಉಳಿದದ್ದೇ ದೊಡ್ಡದು. ಆ ಗಾಯಕ್ಕಿಂತ ಹೆಚ್ಚು ನೋವು ಕೊಟ್ಟದ್ದು ತಮ್ಮ ಪಕ್ಷದ ಕಡೆಯ ಪತ್ರಿಕೆಗಳೇ ಹಸಿ ಸುಳ್ಳು ಬರೆದದ್ದು. ಅಲ್ಲಿಂದ ಅವರ ವಿಚಾರ ಗಟ್ಟಿಯಾಯಿತು: ಸಮಾನತೆ ಬೇಕು, ಆದರೆ ಸರ್ವಾಧಿಕಾರ ಯಾವ ಬಣ್ಣದ್ದಾದರೂ ಬೇಡ. ಸ್ಪೇನಿನ ಅನುಭವದ ಪುಸ್ತಕ 1938ರಲ್ಲಿ ಬಂತು. ತಾನು ಕಂಡದ್ದು ಒಂದು ಮೂಲೆಯನ್ನು ಮಾತ್ರ, ತನಗೂ ಪಕ್ಷಪಾತವಿದೆ, ಎಚ್ಚರದಿಂದ ಓದಿರಿ ಎಂದು ಅದರ ಕೊನೆಯಲ್ಲಿ ಓದುಗರಿಗೆ ತಿಳಿಸಿದರು.

ಇಷ್ಟಾನಿಷ್ಟಗಳ ಪಟ್ಟಿ

1940ರಲ್ಲಿ ಲೇಖಕರ ಪರಿಚಯಕೋಶವೊಂದಕ್ಕೆ ಅವರು ತಮ್ಮ ಬಗ್ಗೆ ಚಿಕ್ಕ ಟಿಪ್ಪಣಿ ಬರೆದುಕೊಟ್ಟರು. ಬರವಣಿಗೆ ಬಿಟ್ಟರೆ ತೋಟಗಾರಿಕೆಯೇ, ಅದರಲ್ಲೂ ತರಕಾರಿ ಬೆಳೆಯುವುದೇ ಅವರಿಗೆ ಬಲು ಪ್ರೀತಿ. ಭಾರತದ ಚಹಾ, ಮೇಣದ ಬತ್ತಿಯ ಬೆಳಕು, ಕಲ್ಲಿದ್ದಲಿನ ಒಲೆ, ಹಾಯಾದ ಕುರ್ಚಿ ಇಷ್ಟ. ಬಿಯರು, ದ್ರಾಕ್ಷಾರಸ, ಕಡು ತಂಬಾಕುಗಳನ್ನೂ ಮುಚ್ಚುಮರೆಯಿಲ್ಲದೆ ಸೇರಿಸಿದ್ದರು. ದೊಡ್ಡ ಪಟ್ಟಣ, ಗದ್ದಲ, ಮೋಟಾರು, ರೇಡಿಯೋ, ಡಬ್ಬಿಯ ಆಹಾರ ಇಷ್ಟವಿಲ್ಲ. ಮೆಚ್ಚಿನ ಲೇಖಕರಲ್ಲಿ ಶೇಕ್ಸ್‌ಪಿಯರ್, ಸ್ವಿಫ್ಟ್, ಡಿಕನ್ಸ್ ಹೆಸರುಗಳಿದ್ದವು.

ಚಹಾದ ವಿಷಯದಲ್ಲಿ ಅವರು ಭಾರಿ ಹಟಮಾರಿ. 1946ರಲ್ಲಿ ಒಳ್ಳೆಯ ಚಹಾಕ್ಕೆ 11 ನಿಯಮಗಳನ್ನು ಪತ್ರಿಕೆಯಲ್ಲಿ ಬರೆದರು. ಎಲೆ ಭಾರತದ್ದೋ ಸಿಲೋನಿನದೋ ಆಗಿರಬೇಕು, ಕಡಕ್ಕಾಗಿರಬೇಕು, ಮೊದಲು ಚಹಾ ಬಗ್ಗಿಸಿ ಆಮೇಲೆ ಹಾಲು ಹಾಕಬೇಕು, ಸಕ್ಕರೆ ಮಾತ್ರ ಕೂಡದು! ಈ ಕೊನೆಯ ನಿಯಮಕ್ಕೆ ನಮ್ಮ ಮನೆಗಳಲ್ಲಿ ಎಷ್ಟು ಜನ ಒಪ್ಪಿಯಾರೋ.

1943ರ ಡಿಸೆಂಬರಿನಿಂದ ಲಂಡನ್ನಿನ ‘ಟ್ರಿಬ್ಯೂನ್’ ವಾರಪತ್ರಿಕೆಯಲ್ಲಿ ಅವರ ಅಂಕಣ ಬರುತ್ತಿತ್ತು. ಯುದ್ಧ, ಸರಕಾರ, ಬಡತನದ ಜೊತೆಗೆ ಗುಲಾಬಿ ಗಿಡದ ಮಾತೂ ಅದರಲ್ಲಿರುತ್ತಿತ್ತು. ವಾಲಿಂಗ್ಟನ್ನಿನಲ್ಲಿ ಹನ್ನೆರಡೂವರೆ ಶಿಲಿಂಗಿಗೆ ಐದು ಹಣ್ಣಿನ ಗಿಡ, ಏಳು ಗುಲಾಬಿ, ಎರಡು ನೆಲ್ಲಿಯಂಥ ಹಣ್ಣಿನ ಪೊದೆ ನೆಟ್ಟಿದ್ದರು. ಹತ್ತು ವರ್ಷಗಳ ಮೇಲೆ ನೋಡಿದಾಗ ಒಂದೆರಡು ಬಿಟ್ಟು ಎಲ್ಲವೂ ಚೆನ್ನಾಗಿ ಬೆಳೆದಿದ್ದವು. ಸಮಾಜಕ್ಕೆ ಕೆಡುಕಾಗುವ ಕೆಲಸವೇನಾದರೂ ತನ್ನಿಂದ ನಡೆದಾಗಲೆಲ್ಲ ಅದನ್ನು ಡೈರಿಯಲ್ಲಿ ಬರೆದಿಟ್ಟು, ಕಾಲ ಬಂದಾಗ ಒಂದೊಂದು ಬೀಜ ಊರುವುದು ಒಳ್ಳೆಯದು ಎಂದು ಅವರು ಬರೆದರು. ಖರ್ಚಿಗೆ ಎದುರಾಗಿ ಜಮಾ ಬರೆಯುವ ರೀತಿಯೇ ಇದು.

ಪುಸ್ತಕದ ಜಮಾಖರ್ಚು

ಪುಸ್ತಕ ಕೊಳ್ಳುವುದು ಬಡವರ ಕೈಗೆ ಎಟುಕದು ಎಂಬ ಮಾತು ಕೇಳಿ, 1946ರ ಫೆಬ್ರವರಿಯಲ್ಲಿ ಅವರು ತಮ್ಮದೇ ಲೆಕ್ಕ ತೆಗೆದರು. ಮನೆಯಲ್ಲಿದ್ದ ಪುಸ್ತಕಗಳು 442. ಅವುಗಳಲ್ಲಿ 10 ಇಸಿದುಕೊಂಡು ಹಿಂತಿರುಗಿಸದೇ ಇದ್ದವು, ಅದನ್ನೂ ಬರೆದರು! ಬೇರೆಡೆ ಇಟ್ಟಿದ್ದವು ಸೇರಿ ಸುಮಾರು 900. ಹದಿನೈದು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸುಮಾರು 11 ಪೌಂಡು. ಪತ್ರಿಕೆ, ವಾಚನಾಲಯ ಎಲ್ಲ ಸೇರಿ ಓದಿನ ಖರ್ಚು 25 ಪೌಂಡು. ಹೊಗೆಸೊಪ್ಪೊಂದರ ಖರ್ಚೇ ಸುಮಾರು 40 ಪೌಂಡು! ತಮ್ಮ ಚಟದ ಅಂಕಿಯನ್ನು ಅವರು ಬಚ್ಚಿಡಲಿಲ್ಲ.

ನಮಗೆ ಒಪ್ಪದ ಮಾತು

ಆರ್ವೆಲ್ ಅವರ ಎಲ್ಲ ಮಾತುಗಳೂ ನಮಗೆ ಹಿಡಿಸುವಂಥವಲ್ಲ. 1937ರ ಪುಸ್ತಕವೊಂದರಲ್ಲಿ ಅವರು ಶಾಕಾಹಾರಿಗಳನ್ನು ತಿಕ್ಕಲರೆಂಬಂತೆ ಗೇಲಿ ಮಾಡಿದ್ದಾರೆ. 1949ರಲ್ಲಿ ಗಾಂಧೀಜಿಯವರ ಬಗ್ಗೆ ಬರೆದ ಪ್ರಬಂಧದಲ್ಲಿಯೂ ಇಂಥದೇ ತಕರಾರು. ಮನೆಯವರ ಕಾಯಿಲೆಯಲ್ಲಿ ವೈದ್ಯರು ಮಾಂಸಾಹಾರ ಹೇಳಿದಾಗಲೂ ಗಾಂಧೀಜಿ ವ್ರತ ಬಿಡಲಿಲ್ಲ. ಇದು ಉದಾತ್ತವಿರಬಹುದು, ಆದರೆ ಸಾಮಾನ್ಯ ಮನುಷ್ಯನ ರೀತಿಯಲ್ಲ ಎಂಬುದು ಅವರ ವಾದ. ಪ್ರಾಣ ಹೋದರೂ ನಿಯಮ ಬಿಡದ ಹಿರಿಯರನ್ನು ಕಂಡ ನಮ್ಮ ಮನೆಗಳಿಗೆ ಈ ಮಾತು ಚುಚ್ಚದೆ ಇರದು. ಆದರೆ ಬಿಯರು, ತಂಬಾಕು ಇಷ್ಟವೆಂದು ಮೊದಲೇ ಹೇಳಿಕೊಂಡವರ ಮಾತು ಇದು. ಎಷ್ಟು ಕಳೆಯಬೇಕೆಂದು ನಮಗೆ ತಿಳಿಯುತ್ತದೆ. ಅದೇ ಪ್ರಬಂಧದ ಕೊನೆಗೆ, ಆ ಕಾಲದ ಬೇರೆ ರಾಜಕಾರಣಿಗಳ ಪಕ್ಕದಲ್ಲಿಟ್ಟು ನೋಡಿದರೆ ಗಾಂಧೀಜಿ ಎಷ್ಟು ನಿರ್ಮಲರು ಎಂದೂ ಅವರು ಒಪ್ಪಿಕೊಂಡರು.

ಪಕ್ಷದ ಗೆಳೆಯರನ್ನು ನೋಯಿಸಿಯೂ ಸತ್ಯ ಬರೆದುದಕ್ಕೆ ಅವರು ಬೆಲೆ ತೆತ್ತರು. ‘ಅನಿಮಲ್ ಫಾರ್ಮ್’ ಹಸ್ತಪ್ರತಿಯನ್ನು ಹಲವು ಪ್ರಕಾಶಕರು ಹಿಂದಿರುಗಿಸಿದರು, ಏಕೆಂದರೆ ಆಗ ರಷ್ಯ ಬ್ರಿಟನ್ನಿನ ಮಿತ್ರದೇಶ. 1945ರಲ್ಲಿ ಅದು ಹೊರಬಂತು. 1949ರಲ್ಲಿ ‘ನೈನ್‌ಟೀನ್ ಎಯ್ಟಿ-ಫೋರ್’ ಪ್ರಕಟವಾಯಿತು. ಕ್ಷಯರೋಗದಿಂದ 1950ರ ಜನವರಿ 21ರಂದು, 46ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಇಂದು ಮಕ್ಕಳ ಕೈಯಲ್ಲಿಯೇ ಮೊಬೈಲ್ ಇದೆ. ರಾಜಕೀಯದ ಅಭಿಪ್ರಾಯಗಳು ದಿನವಿಡೀ ಬಂದು ಬೀಳುತ್ತವೆ. ಬರೆದವರು ಯಾರು, ಅವರಿಗೆ ಇಷ್ಟವಾದದ್ದು ಏನು, ತಮ್ಮ ಕಡೆಯವರ ತಪ್ಪನ್ನು ಒಮ್ಮೆಯಾದರೂ ಬರೆದಿದ್ದಾರೆಯೇ ಎಂದು ಕೇಳಲು ಅವರಿಗೆ ಕಲಿಸಿರಿ. ಜೊತೆಗೆ ಈ ದೀಪಾವಳಿಗೆ ಹೊಸ ವಹಿ ತೆರೆಯುವಾಗ, ಹೋದ ವರ್ಷ ಮನೆಯಲ್ಲಿ ಪುಸ್ತಕಕ್ಕೆಷ್ಟು, ಚಟಕ್ಕೆಷ್ಟು ಖರ್ಚಾಯಿತೆಂದು ಮಕ್ಕಳ ಎದುರಿಗೇ ಕೂಡಿಸಿ ನೋಡಿರಿ.