ತಿರುವಿನಲ್ಲಿ ಬಾಗುವ ಮೋಟಾರು ಸೈಕಲು

ರೇಸಿನ ಪಥದಲ್ಲಿ ಮೊದಲ ಬಾರಿಗೆ ಮೋಟಾರು ಸೈಕಲು ನಡೆಸುವವನಿಗೆ ವೇಗಕ್ಕಿಂತಲೂ ಹೆಚ್ಚು ಅಂಜಿಕೆ ಹುಟ್ಟಿಸುವುದು ತಿರುವು. ನೇರವಾದ ಹಾದಿಯಲ್ಲಿ ವೇಗವಾಗಿ ಸಾಗುವುದು ಅಷ್ಟೇನೂ ಕಷ್ಟವಲ್ಲ. ತಿರುವು ಬಂದೊಡನೆ ವಾಹನವನ್ನು ನೆಲದತ್ತ ಬಾಗಿಸಬೇಕು. ಬಾಗಿದುದು ಬಿದ್ದೀತು ಎಂದು ಮನಸ್ಸು ಹಿಂಜರಿಯುತ್ತದೆ. ಈ ಭಯಕ್ಕೆ ಆಧಾರವಿದೆಯೇ? ಭೌತಶಾಸ್ತ್ರವನ್ನೇ ಕೇಳೋಣ.

ಚೆನ್ನೈಯ ಸಮೀಪದ ಇರುಂಗಾಟ್ಟುಕೋಟೈಯಲ್ಲಿ ಇಂಥ ಪಥವೊಂದಿದೆ. 1990ರಲ್ಲಿ ಆರಂಭವಾದ ಇದರ ಉದ್ದ ಸುಮಾರು 3.7 ಕಿಲೋಮೀಟರು; ತಿರುವುಗಳು 12. ಬೆಂಗಳೂರಿನ ಅನೇಕ ಸವಾರರೂ ಅಲ್ಲಿಗೆ ಹೋಗಿ ಕಲಿಯುತ್ತಾರೆ. ಇಂಥ ಪಥಗಳಲ್ಲಿ ಹೆಲ್ಮೆಟು, ಚರ್ಮದ ಉಡುಪು, ಕೈಗವಸು, ಬೂಟು ಇವನ್ನು ಧರಿಸಿಯೇ ಇಳಿಯಬೇಕು. ಬಾವುಟಗಳ ಭಾಷೆಯನ್ನೂ ಅರಿತಿರಬೇಕು. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದೆ ಹಾಕಕೂಡದು ಎಂದರ್ಥ. ಕೆಂಪು ಕಂಡರೆ ಓಟ ನಿಂತಿತೆಂದರ್ಥ.

ಚಲಿಸುವ ವಸ್ತುವು ತನ್ನಷ್ಟಕ್ಕೆ ಬಿಟ್ಟರೆ ಸರಳರೇಖೆಯಲ್ಲಿಯೇ ಸಾಗುತ್ತದೆಂಬುದು ನ್ಯೂಟನ್ನನ ನಿಯಮ. ಅದು ತಿರುಗಬೇಕಾದರೆ ತಿರುವಿನ ಕೇಂದ್ರದ ಕಡೆಗೆ ಒಂದು ಬಲ ಬೇಕು. ಆ ಬಲವನ್ನು ಒದಗಿಸುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಇದು ವಾಹನದ ಬುಡದಲ್ಲಿ ವರ್ತಿಸುವುದರಿಂದ, ನೆಟ್ಟಗೆ ನಿಂತ ವಾಹನವನ್ನು ಹೊರಕ್ಕೆ ಉರುಳಿಸುತ್ತದೆ. ಒಳಕ್ಕೆ ಬಾಗಿದಾಗ ವಾಹನದ ಭಾರವು ಆ ಉರುಳಿಕೆಯನ್ನು ಸರಿದೂಗಿಸುತ್ತದೆ. ಬೀಳದಿರುವುದಕ್ಕಾಗಿಯೇ ಬಾಗಬೇಕಾಗಿದೆ!

ಬಾಗಿಸುವ ಬಗೆಯೂ ಸೋಜಿಗದ್ದೇ. ಎಡಕ್ಕೆ ತಿರುಗಬೇಕಾದವನು ಹ್ಯಾಂಡಲಿನ ಎಡತುದಿಯನ್ನು ಮುಂದಕ್ಕೆ ಒತ್ತುತ್ತಾನೆ. ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ಹೊರಳಿ, ವಾಹನದ ಬುಡವನ್ನು ಬಲಕ್ಕೆ ಒಯ್ಯುತ್ತದೆ. ಮೇಲ್ಭಾಗ ಎಡಕ್ಕೆ ವಾಲುತ್ತದೆ. ಅಂಗೈಯ ಮೇಲೆ ಕೋಲೊಂದನ್ನು ನಿಲ್ಲಿಸಿ, ಕೈಯನ್ನು ಥಟ್ಟನೆ ಬಲಕ್ಕೆ ಸರಿಸಿದರೆ ಇದು ಮನದಟ್ಟಾಗುತ್ತದೆ. ಎರಡು ಚಕ್ರದ ವಾಹನಗಳ ಈ ಗುಣವನ್ನು ಸ್ಕಾಟ್ಲೆಂಡಿನ ವಿಜ್ಞಾನಿ ರ್‍ಯಾಂಕಿನ್ 1869ರಷ್ಟು ಹಿಂದೆಯೇ ವಿವರಿಸಿದ್ದನು.

ಎಷ್ಟು ಬಾಗಬೇಕು? ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದಲೂ ಗುರುತ್ವದ ವೇಗೋತ್ಕರ್ಷದಿಂದಲೂ ಭಾಗಿಸಿದರೆ ಬಾಗುವ ಕೋನದ ಟ್ಯಾಂಜೆಂಟ್ ಸಿಗುತ್ತದೆ. ತ್ರಿಜ್ಯವು 50 ಮೀಟರಿರಲಿ. ಗಂಟೆಗೆ 54 ಕಿಲೋಮೀಟರು ವೇಗಕ್ಕೆ ಕೋನ ಸುಮಾರು 25 ಡಿಗ್ರಿ. 72 ಕಿಲೋಮೀಟರಿಗೆ 39 ಡಿಗ್ರಿ. ಈ ಲೆಕ್ಕದಲ್ಲಿ ತೂಕಕ್ಕೆ ಸ್ಥಾನವಿಲ್ಲವೆಂಬುದನ್ನು ಗಮನಿಸಿರಿ. ಸವಾರನು ತೆಳ್ಳಗಿರಲಿ, ದಪ್ಪಗಿರಲಿ, ಕೋನವು ಒಂದೇ.

ಆದರೆ ಘರ್ಷಣೆಗೂ ಮಿತಿಯುಂಟು. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಘರ್ಷಣ ಗುಣಾಂಕವನ್ನು 1 ಎಂದಿಟ್ಟುಕೊಂಡರೆ, ಮೇಲಿನ ತಿರುವಿನಲ್ಲಿ ಗರಿಷ್ಠ ವೇಗ ಸುಮಾರು 80 ಕಿಲೋಮೀಟರು. 72ರಲ್ಲಿ ಸಾಗುವವನು ಈ ಹಿಡಿತದ ಹತ್ತರಲ್ಲಿ ಎಂಟು ಪಾಲನ್ನು ತಿರುಗುವುದಕ್ಕೇ ವ್ಯಯಮಾಡಿರುತ್ತಾನೆ. ಎರಡು ಬಲಗಳೂ ಪರಸ್ಪರ ಲಂಬವಾಗಿರುವುದರಿಂದ, ಪೈಥಾಗೊರಸನ ಪ್ರಮೇಯದಂತೆ ಬ್ರೇಕಿಗೆ ಉಳಿಯುವುದು ಆರು ಪಾಲು. ಹೊಸಬನು ಹೆದರಿ ತಿರುವಿನ ನಡುವೆ ಬ್ರೇಕನ್ನು ಬಲವಾಗಿ ಹಿಡಿದರೆ, ಟೈರು ತನ್ನಲ್ಲಿಲ್ಲದುದನ್ನು ಕೊಡಲಾರದೆ ಜಾರುತ್ತದೆ. ಹೀಗಾಗಿ, ಅವನನ್ನು ಬೀಳಿಸುವುದು ಬಹುಮಟ್ಟಿಗೆ ಅವನ ಭಯವೇ. ವಾಹನ ನೆಟ್ಟಗಿರುವಾಗಲೇ ವೇಗವನ್ನು ತಗ್ಗಿಸಿ, ಬಳಿಕ ಬಾಗಿ, ತಿರುವಿನ ಕೊನೆಯ ಕಡೆಗೆ ದೃಷ್ಟಿಯಿಟ್ಟು ಸಾಗಬೇಕೆಂಬುದು ಪಥದಲ್ಲಿ ಕಲಿಸುವ ಮುಖ್ಯ ಪಾಠ.

ಪಥದ ಸವಾರರು ಹೊರ ಅಂಚಿನಿಂದ ಒಳ ಅಂಚಿಗೆ ಬಂದು ಮತ್ತೆ ಹೊರ ಅಂಚಿಗೆ ಸರಿಯುತ್ತಾರೆ. ಇದರಿಂದ ತ್ರಿಜ್ಯವು ಹಿಗ್ಗುತ್ತದೆ, ಬಾಗು ತಗ್ಗುತ್ತದೆ. ಎಲ್ಲರೂ ಒಂದೇ ದಿಕ್ಕಿನಲ್ಲಿ ಸಾಗುವ ಪಥದಲ್ಲಿ ಮಾತ್ರ ಈ ಜಾಣತನ ಸಲ್ಲುತ್ತದೆ. ಆಗುಂಬೆಯ ಘಾಟಿಯಲ್ಲಿ ಹಾಗೆ ಮಾಡಿದವನಿಗೆ ಬಸ್ಸು ಎದುರಾದೀತು! ಘಾಟಿಗೂ ಸಲ್ಲುವ ಪಾಠವೆಂದರೆ ತಿರುವಿಗೆ ಮೊದಲೇ ವೇಗ ತಗ್ಗಿಸುವುದು. ಮಳೆಯಿಂದಲೋ ಮರಳಿನಿಂದಲೋ ಗುಣಾಂಕವು ಅರ್ಧಕ್ಕೆ ಇಳಿದರೆ, ಅದೇ 50 ಮೀಟರಿನ ತಿರುವಿನಲ್ಲಿ 80 ಕಿಲೋಮೀಟರಿನ ಮಿತಿಯು 56ಕ್ಕೆ ಕುಸಿಯುತ್ತದೆ. ಸವಾರನೂ ಅವನೇ, ವಾಹನವೂ ಅದೇ; ಬದಲಾದುದು ರಸ್ತೆಯ ಹಿಡಿತವೊಂದೇ.